ಮೈಸೂರಿಗೆ ಕೆಲಸಕ್ಕೆ ಬಂದವರು ಊಟ ಎಲ್ಲಿ ಮಾಡೋದು? ಏರಿಯಾವಾರು ಪೂರ್ತಿ ಮಾಹಿತಿ

ಮೈಸೂರು: ತಾಲ್ಲೂಕುಗಳಿಂದ ದಿನಾ ಬೆಳಗ್ಗೆ ಸಾವಿರಾರು ಜನ ಮೈಸೂರಿಗೆ ಬಂದು ಇಳೀತಾರೆ. ಕೆ.ಆರ್. ಆಸ್ಪತ್ರೆಗೆ ಬರೋರು, ಕೋರ್ಟಿಗೆ ಬರೋರು, ಅಂಗಡಿಗೆ ಮಾಲು ತಗೊಳ್ಳೋಕೆ ಸಂತೇಪೇಟೆಗೆ ಬರೋರು, ಮಕ್ಕಳ ಕಾಲೇಜು ಅಡ್ಮಿಷನ್‌ಗೆ ಬರೋರು. ಕೆಲಸದ ಬಗ್ಗೆ ಮೊದಲೇ ಎಲ್ಲ ವಿಚಾರಿಸಿಕೊಂಡು ಬರ್ತಾರೆ. ಊಟದ ಬಗ್ಗೆ ಮಾತ್ರ ಯಾರೂ ಯೋಚನೆ ಮಾಡಿರಲ್ಲ. ಮಧ್ಯಾಹ್ನ ಎರಡೂವರೆಗೆ ಹೊಟ್ಟೆ ಚುರುಗುಟ್ಟಿದಾಗ ಕಣ್ಣಿಗೆ ಬಿದ್ದ ಹೋಟೆಲಿಗೆ ನುಗ್ಗೋದು, ಇಲ್ಲವೇ ಒಂದು ಬನ್ನು, ಒಂದು ಟೀ ಕುಡಿದು ಬಸ್ ಹತ್ತೋದು.

2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸಾಮಾನ್ಯ ಸಾರಿಗೆ ಬಸ್ಸಿನಲ್ಲಿ ಟಿಕೆಟ್ ಖರ್ಚಿಲ್ಲ. ಹಾಗಾಗಿ ಪೇಟೆಗೆ ಬಂದ ದಿನ ಕೈಯಿಂದ ಹೋಗುವ ದುಡ್ಡಿನಲ್ಲಿ ಊಟ-ತಿಂಡಿಯದ್ದೇ ದೊಡ್ಡ ಪಾಲು. ನಾಲ್ಕು ಜನ ಬಂದರೆ ಅದು ಸಣ್ಣ ಮೊತ್ತವೇನಲ್ಲ.

ಊಟದ ಜಾಗ ಆರಿಸುವಾಗ ಮೂರು ಪ್ರಶ್ನೆ ಕೇಳಿಕೊಂಡರೆ ಸಾಕು. ಕೆಲಸ ಯಾವ ಏರಿಯಾದಲ್ಲಿದೆ? ಕೈಯಲ್ಲಿ ಎಷ್ಟು ಹೊತ್ತಿದೆ? ಜತೆಗೆ ಯಾರಿದ್ದಾರೆ? ಹೆಸರುವಾಸಿ ಹೋಟೆಲು ಊರಿನ ಇನ್ನೊಂದು ತುದಿಯಲ್ಲಿದ್ದರೆ ಹೋಗಿ ಬರುವ ಆಟೊ ಚಾರ್ಜಿನಲ್ಲಿ ಇನ್ನೊಂದು ಊಟವೇ ಆಗುತ್ತೆ. ಕೆಲಸ ಇರುವ ಕಡೆಯೇ ಒಳ್ಳೆ ಊಟ ಹುಡುಕೋದು ಜಾಣತನ. ಮೈಸೂರಿನಲ್ಲಿ ಅದು ಕಷ್ಟವೂ ಅಲ್ಲ.

ಗ್ರಾಮಾಂತರ ಬಸ್ ನಿಲ್ದಾಣ, ನಜರ್‌ಬಾದ್

ಹೆಚ್ಚಿನವರು ಮೊದಲು ಇಳಿಯೋದು ಗ್ರಾಮಾಂತರ ಬಸ್ ನಿಲ್ದಾಣದಲ್ಲಿ. ನಿಲ್ದಾಣದ ಸುತ್ತಮುತ್ತ ಸಸ್ಯಾಹಾರಿ ಹೋಟೆಲು, ಮಿಲ್ಟ್ರಿ ಹೋಟೆಲು, ಬೇಕರಿ ಎಲ್ಲ ಇವೆ. ಬೆಳಗ್ಗೆ ಇಡ್ಲಿ-ವಡೆ, ಖಾರಾಬಾತ್, ಪೂರಿ ಎಲ್ಲೆಡೆ ಸಿಗುತ್ತೆ. ಬಸ್ಸಿಗೆ ಹತ್ತೇ ನಿಮಿಷ ಇದ್ದರೆ ಇಲ್ಲೇ ನಿಂತು ತಿಂದು ಹೋಗೋದು ಒಳ್ಳೇದು.

ವಯಸ್ಸಾದವರು, ಮಕ್ಕಳು ಜತೆಗಿದ್ದು ಸ್ವಲ್ಪ ಸಾವಕಾಶವಾಗಿ ಕೂತು ತಿನ್ನಬೇಕು ಅಂದರೆ ಗೆಸ್ಟ್ ಹೌಸ್ ರಸ್ತೆಯ ಹೋಟೆಲ್ ಸಿದ್ಧಾರ್ಥ ಹತ್ತಿರದಲ್ಲೇ ಇದೆ. ಸಸ್ಯಾಹಾರಿ. ನಿಲ್ದಾಣದ ಎದುರಿನ ಸಣ್ಣ ಹೋಟೆಲುಗಳಿಗಿಂತ ರೇಟು ಜಾಸ್ತಿ, ಆದರೆ ಗಲಾಟೆ ಕಮ್ಮಿ.

ಮೈಲಾರಿ ದೋಸೆ ಇರೋದು ಇದೇ ಕಡೆ, ನಜರ್‌ಬಾದ್ ಮುಖ್ಯರಸ್ತೆಯಲ್ಲಿ. ಬಸ್ ನಿಲ್ದಾಣದಿಂದ ಆಟೊದಲ್ಲಿ ಐದು ನಿಮಿಷದ ದಾರಿ, ನಡೆದೂ ಹೋಗಬಹುದು. ಒಂದೇ ರಸ್ತೆಯಲ್ಲಿ ಮೈಲಾರಿ ಹೆಸರಿನ ಎರಡು ಹೋಟೆಲು ಇರೋದರಿಂದ ಹೊಸಬರು ಗೊಂದಲ ಮಾಡಿಕೊಳ್ತಾರೆ. ಎರಡರಲ್ಲೂ ಜನ ತುಂಬಿರ್ತಾರೆ, ಎರಡಕ್ಕೂ ಕಾಯಂ ಗಿರಾಕಿಗಳಿದ್ದಾರೆ. ಇಲ್ಲಿನ ದೋಸೆ ಗರಿಗರಿ ಅಲ್ಲ, ಹತ್ತಿಯ ಹಾಗೆ ಮೆತ್ತಗೆ. ಒಳಗೆ ಆಲೂಗೆಡ್ಡೆ ಪಲ್ಯದ ಬದಲು ಸಾಗು, ಮೇಲೆ ಬೆಣ್ಣೆ, ಪಕ್ಕದಲ್ಲಿ ಕಾಯಿ ಚಟ್ನಿ. ಬೇರೆ ಊರುಗಳಲ್ಲಿ 'ಮೈಸೂರು ಮಸಾಲೆ' ಅಂತ ಕೆಂಪು ಚಟ್ನಿ ಸವರಿ ಕೊಡೋದನ್ನ ಇಲ್ಲಿ ಕೇಳಬೇಡಿ. ದೋಸೆ, ಇಡ್ಲಿ, ಕಾಫಿ ಹೀಗೆ ಕೆಲವೇ ಐಟಂ. ಅನ್ನದ ಊಟ ಬೇಕಿದ್ದವರಿಗೆ ಈ ಜಾಗ ಆಗಲ್ಲ. ಭಾನುವಾರ, ರಜಾ ದಿನ ಬೆಳಗ್ಗೆ ಜಾಗಕ್ಕೆ ಕಾಯಬೇಕಾಗುತ್ತೆ. ವಾರದ ದಿನ ಬಂದರೆ ಬೇಗ ಆಗುತ್ತೆ.

ವರುಣಾ, ಇಲವಾಲ, ಜಯಪುರ ಕಡೆಯಿಂದ ನಜರ್‌ಬಾದಿನ ಮಿನಿ ವಿಧಾನಸೌಧಕ್ಕೆ ಬರುವ ಮೈಸೂರು ತಾಲ್ಲೂಕಿನವರಿಗೆ, ಸಿದ್ಧಾರ್ಥನಗರದ ಹೊಸ ಜಿಲ್ಲಾಧಿಕಾರಿ ಕಚೇರಿಗೆ ಹೋಗೋರಿಗೆ ಈ ಏರಿಯಾ ಅನುಕೂಲ. ಕಚೇರಿ ಬಾಗಿಲು ತೆಗೆಯುವ ಮೊದಲೇ ತಿಂಡಿ ಮುಗಿಸಿಕೊಂಡು ಹೋಗಿ. ಸರತಿಯಲ್ಲಿ ನಿಂತ ಮೇಲೆ ಜಾಗ ಬಿಟ್ಟು ಬರೋಕೆ ಆಗಲ್ಲ.

ಗಾಂಧಿ ಚೌಕ, ದೊಡ್ಡ ಗಡಿಯಾರ

ನಗರ ಬಸ್ ನಿಲ್ದಾಣದಲ್ಲಿ ಇಳಿದವರಿಗೆ ಗಾಂಧಿ ಚೌಕ ಕೂಗಳತೆ ದೂರ. 1927ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಆಳ್ವಿಕೆಯ ಬೆಳ್ಳಿಹಬ್ಬದ ನೆನಪಿಗೆ ಕಟ್ಟಿದ ದೊಡ್ಡ ಗಡಿಯಾರವೇ ಗುರುತು.

ಇಲ್ಲಿ ಹೊಟ್ಟೆ ತುಂಬ ಊಟ ಅಂದರೆ ಜನ ಹೇಳೋದು ಆರ್‌ಆರ್‌ಆರ್ ಹೋಟೆಲ್. ಆಂಧ್ರ ಶೈಲಿಯ ಬಾಳೆ ಎಲೆ ಊಟ. ಅನ್ನ, ಪಪ್ಪು, ಪಲ್ಯ, ಸಾರು, ಚಟ್ನಿಪುಡಿ, ಖಾರವಾದ ಉಪ್ಪಿನಕಾಯಿ. ಸಸ್ಯಾಹಾರದ ಊಟವೂ ಇದೆ, ಚಿಕನ್ ಬಿರಿಯಾನಿಯಂಥ ಮಾಂಸಾಹಾರವೂ ಇದೆ. ಒಂದು ಗಂಟೆಯಿಂದ ಎರಡೂವರೆವರೆಗೆ ಸಿಕ್ಕಾಪಟ್ಟೆ ರಶ್. ಹನ್ನೆರಡೂವರೆ ಹೊತ್ತಿಗೇ ಹೋದರೆ ಆರಾಮಾಗಿ ಕೂತು ಉಣ್ಣಬಹುದು. ಖಾರ ಜಾಸ್ತಿ ಅಂತ ಮೊದಲೇ ತಿಳಿದಿರಲಿ. ಹೊಟ್ಟೆ ಹುಣ್ಣಿನ ತೊಂದರೆ ಇರೋರು, ಚಿಕ್ಕ ಮಕ್ಕಳು ಇದ್ದರೆ ಮೊಸರು ಮೊದಲೇ ಹೇಳಿ.

ಅಶೋಕ ರಸ್ತೆಗೆ ಅಂಗಡಿ ಸಾಮಾನಿಗೆ ಅಂತ ಬಂದವರೂ ಮಧ್ಯಾಹ್ನದ ಊಟಕ್ಕೆ ಇಲ್ಲಿಗೇ ನಡೆದು ಬರಬಹುದು.

ದೇವರಾಜ ಮಾರುಕಟ್ಟೆ, ಸಯ್ಯಾಜಿರಾವ್ ರಸ್ತೆ, ಸಂತೇಪೇಟೆ

ತಾಲ್ಲೂಕಿನ ಅಂಗಡಿಯವರಿಗೆ ಹೆಚ್ಚು ಕೆಲಸ ಇರೋದು ಈ ಭಾಗದಲ್ಲಿ. ದಿನಸಿ, ಡ್ರೈಫ್ರೂಟ್ಸ್, ಪೂಜಾ ಸಾಮಾನು, ಪ್ಲಾಸ್ಟಿಕ್, ಬಟ್ಟೆ ಹೀಗೆ ಒಂದೊಂದಕ್ಕೂ ಒಂದೊಂದು ಬೀದಿ. ಸಂತೇಪೇಟೆ, ಶಿವರಾಂಪೇಟೆ, ದೇವರಾಜ ಅರಸು ರಸ್ತೆ ಎಲ್ಲ ಮಾರುಕಟ್ಟೆಯಿಂದ ನಡೆದೇ ಮುಟ್ಟಬಹುದು.

ಸಯ್ಯಾಜಿರಾವ್ ರಸ್ತೆಯ ಇಂದ್ರ ಕೆಫೆ ಪಾರಸ್ ಬಹಳ ವರ್ಷದಿಂದ ಇರುವ ಸಸ್ಯಾಹಾರಿ ಹೋಟೆಲ್. ದಕ್ಷಿಣ ಭಾರತದ ತಿಂಡಿಯೂ ಸಿಗುತ್ತೆ, ರೋಟಿ-ಸಬ್ಜಿ ಇರುವ ಉತ್ತರ ಭಾರತದ ಥಾಲಿಯೂ ಸಿಗುತ್ತೆ. ಮದುವೆ ಜವಳಿಗೆ ಮನೆಮಂದಿಯೆಲ್ಲ ಬಂದಾಗ ಒಬ್ಬರಿಗೆ ದೋಸೆ, ಒಬ್ಬರಿಗೆ ಚಪಾತಿ ಬೇಕು ಅಂದರೆ ಇಂಥ ಜಾಗ ಸರಿ.

ಒಬ್ಬರೇ ಬಂದು ಮಾಲು ತಗೊಳ್ಳೋರಿಗೆ ಬೇರೆ ಲೆಕ್ಕ. ಸಂತೇಪೇಟೆ, ಶಿವರಾಂಪೇಟೆಯ ಗಲ್ಲಿಗಳಲ್ಲಿ ಸಣ್ಣ ಸಣ್ಣ ತಿಂಡಿ ಹೋಟೆಲು, ಟೀ ಅಂಗಡಿ ಇವೆ. ಅಲ್ಲಿನ ಹಮಾಲರು, ಅಂಗಡಿ ಹುಡುಗರು ಎಲ್ಲಿ ತಿಂತಾರೋ ನೋಡಿ. ದಿನಾ ಅದೇ ಜನ ಬರೋ ಕಡೆ ಸಾರು ಹಳಸಿರಲ್ಲ, ರೇಟೂ ಸುಮ್ಮನೆ ಏರಿಸಲ್ಲ. ಮಾಲಿನ ಚೀಟಿ ಬರೆಸಿ, ಮೂಟೆ ಕಟ್ಟೋಕೆ ಹೇಳಿ, ಆ ಹೊತ್ತಿನಲ್ಲಿ ತಿಂಡಿಗೆ ಹೋಗೋದು ಹಳೇ ವ್ಯಾಪಾರಿಗಳ ಪದ್ಧತಿ. ಮೂಟೆ ಸಮೇತ ಹೋಟೆಲಿಗೆ ಹೋಗಬೇಡಿ. ಕೊಂಡ ಅಂಗಡಿಯಲ್ಲೇ ಬಿಟ್ಟು ಚೀಟಿ ಕೈಯಲ್ಲಿಟ್ಟುಕೊಳ್ಳಿ.

ಊರಿಗೆ ಸಿಹಿ ಒಯ್ಯಬೇಕು ಅಂದರೆ ಮಾರುಕಟ್ಟೆಯ ಅಂಚಿನಲ್ಲಿ, ಕೆ.ಆರ್. ವೃತ್ತದ ಹತ್ತಿರ ಗುರು ಸ್ವೀಟ್ಸ್ ಇದೆ. ನಾಲ್ವಡಿಯವರ ಕಾಲದಲ್ಲಿ ಅರಮನೆಯ ಬಾಣಸಿಗರಾಗಿದ್ದ ಕಾಕಾಸುರ ಮಾದಪ್ಪನವರು ಮೈಸೂರು ಪಾಕ್ ಮಾಡಿದರು ಅನ್ನೋದು ಪ್ರಸಿದ್ಧ ಮಾತು. ಅವರ ವಂಶದವರೇ ನಡೆಸುವ ಅಂಗಡಿ ಇದು. ಅಂಗಡಿ ಚಿಕ್ಕದು, ಸಾಲು ದೊಡ್ಡದು. ಹಬ್ಬದ ಹಿಂದಿನ ದಿನ ಹೋಗೋದಾದರೆ ಟೈಮ್ ಇಟ್ಟುಕೊಂಡು ಹೋಗಿ. ತುಪ್ಪದ ಸಿಹಿ ಆದ್ದರಿಂದ ಬಿಸಿಲಿನ ಬಸ್ಸಿನಲ್ಲಿ ಮೆತ್ತಗಾಗುತ್ತೆ. ಬ್ಯಾಗಿನ ಮೇಲ್ಭಾಗದಲ್ಲಿ ಇಟ್ಟುಕೊಳ್ಳಿ.

ಕೆ.ಆರ್. ಆಸ್ಪತ್ರೆ, ಚೆಲುವಾಂಬ ಆಸ್ಪತ್ರೆ, ಧನ್ವಂತರಿ ರಸ್ತೆ

ಊಟದ ಮಾಹಿತಿ ನಿಜವಾಗಿ ಬೇಕಾಗಿರೋದು ಇಲ್ಲಿಗೆ ಬರುವವರಿಗೆ. ಎಚ್.ಡಿ. ಕೋಟೆ, ಸರಗೂರು, ಪಿರಿಯಾಪಟ್ಟಣದಿಂದ ರೋಗಿಯನ್ನ ಕರೆದುಕೊಂಡು ಬಂದವರು ವಾರಗಟ್ಟಲೆ ಇರಬೇಕಾಗುತ್ತೆ. ಒಳರೋಗಿಗೆ ಆಸ್ಪತ್ರೆಯಿಂದ ಊಟ ಬರುತ್ತೆ. ಜತೆಗೆ ನಿಂತವರ ಹೊಟ್ಟೆಪಾಡು ಅವರದೇ. ದುಡ್ಡು ಉಳಿಸೋಕೆ ಅಂತ ಒಂದೊತ್ತು ಉಂಡು, ಒಂದೊತ್ತು ಬಿಟ್ಟು, ಕೊನೆಗೆ ನೋಡಿಕೊಳ್ಳೋಕೆ ಬಂದವರೇ ಸುಸ್ತಾಗಿ ಮಲಗೋದು ಇಲ್ಲಿ ಹೊಸದಲ್ಲ.

ಖರ್ಚು ಕಡಿಮೆ ಮಾಡೋಕೆ ಮೊದಲ ದಾರಿ ಇಂದಿರಾ ಕ್ಯಾಂಟೀನ್. 2017ರ ಆಗಸ್ಟ್‌ನಲ್ಲಿ ಬೆಂಗಳೂರಿನಲ್ಲಿ ಶುರುವಾಗಿ ಮುಂದಿನ ವರ್ಷ ಮೈಸೂರಿಗೂ ಬಂತು. ತಿಂಡಿಗೆ 5 ರೂಪಾಯಿ, ಊಟಕ್ಕೆ 10 ರೂಪಾಯಿ. ಒಂದು ದಿನಕ್ಕೆ ಒಂದು ತಿಂಡಿ, ಎರಡು ಊಟ ಅಂದರೆ 25 ರೂಪಾಯಿಯಲ್ಲಿ ಆಯ್ತು. ಬಡವರಿಗೆ ಮಾತ್ರ ಅಂತ ನಾಚಿಕೆ ಪಡಬೇಕಿಲ್ಲ, ಕಾರ್ಡು-ಗೀರ್ಡು ಏನೂ ಕೇಳಲ್ಲ. ಹೊತ್ತಿಗೆ ಸರಿಯಾಗಿ ಹೋಗಬೇಕು ಅಷ್ಟೇ, ಮಾಡಿದ್ದು ಮುಗಿದರೆ ಮುಗಿಯಿತು. ಹತ್ತಿರದ ಕ್ಯಾಂಟೀನ್ ಯಾವುದು ಅಂತ ವಾರ್ಡಿನಲ್ಲಿ ನಾಲ್ಕು ದಿನದಿಂದ ಇರೋರನ್ನ ಕೇಳಿದರೆ ದಾರಿ ಹೇಳ್ತಾರೆ.

ಎರಡನೇ ದಾರಿ ಆಸ್ಪತ್ರೆಯಿಂದ ನಡೆದು ಹೋಗುವಷ್ಟೇ ದೂರದ ಧನ್ವಂತರಿ ರಸ್ತೆ. ಲಾಡ್ಜುಗಳು ಹೆಚ್ಚಿರುವ ರಸ್ತೆ, ಹಾಗಾಗಿ ತಿಂಡಿ-ಊಟದ ಹೋಟೆಲುಗಳೂ ಹೆಚ್ಚು. ಬೆಳಗ್ಗೆ ಬೇಗ ಕಾಫಿ ಸಿಗುತ್ತೆ, ರಾತ್ರಿಯೂ ತಿನ್ನೋಕೆ ಏನಾದರೂ ಸಿಗುತ್ತೆ. ರಾತ್ರಿ ವಾರ್ಡಿನಲ್ಲಿ ನಿಲ್ಲುವವರು ಎಂಟು ಗಂಟೆ ಒಳಗೇ ಊಟ ಮುಗಿಸಿ ಒಳಗೆ ಹೋಗೋದು ಒಳ್ಳೇದು.

ಬಾಣಂತಿಗೆ, ಶುಗರ್ ಇರೋರಿಗೆ, ಆಪರೇಷನ್ ಆದವರಿಗೆ ಹೊರಗಿನಿಂದ ಏನಾದರೂ ತರುವ ಮೊದಲು ನರ್ಸ್‌ನ ಒಂದು ಮಾತು ಕೇಳಿ. ಆಪರೇಷನ್ ದಿನ ಖಾಲಿ ಹೊಟ್ಟೆಯಲ್ಲಿರಬೇಕಾದ ರೋಗಿಗೆ ಪ್ರೀತಿಯಿಂದ ಕೊಟ್ಟ ಎರಡು ಇಡ್ಲಿಯೇ ಆಪರೇಷನ್ ಮುಂದಕ್ಕೆ ಹೋಗೋಕೆ ಕಾರಣವಾಗಬಹುದು. ಚಟ್ನಿ, ಸಾಂಬಾರ್ ಪಾರ್ಸಲ್ ತಂದರೆ ಆಗಲೇ ತಿಂದು ಮುಗಿಸಿ. ಕಾಯಿ ಚಟ್ನಿ ಬೇಸಿಗೆಯಲ್ಲಿ ಸಂಜೆವರೆಗೆ ಇರಲ್ಲ.

ಮಂಡಿ ಮೊಹಲ್ಲಾ

ಮಾಂಸಾಹಾರದವರ ಬಾಯಲ್ಲಿ ಮೊದಲು ಬರುವ ಹೆಸರು ಹನುಮಂತು. ಮಂಡಿ ಮೊಹಲ್ಲಾದ ಅಕ್ಬರ್ ರಸ್ತೆಯ ಈ ಹೋಟೆಲು 1930ರಿಂದ ಇದೆ. ಪಲಾವ್ ಇಲ್ಲಿನ ಹೆಸರುವಾಸಿ ಐಟಂ. ಮಟನ್ ಪಲಾವ್, ಚಿಕನ್ ಪಲಾವ್, ಜತೆಗೆ ಚಾಪ್ಸ್. ಬಣ್ಣ ಹಾಕಿದ ಬಿರಿಯಾನಿ ಥರ ಅಲ್ಲ, ನಮ್ಮ ಕಡೆ ಬೀಗರೂಟದಲ್ಲಿ ಮಾಡುವ ಪಲಾವಿನ ರುಚಿ. ಜಾಗ ದೊಡ್ಡದಲ್ಲ, ತಿಂದವರು ಎದ್ದ ಕೂಡಲೇ ಇನ್ನೊಬ್ಬರು ಕೂರಬೇಕು. ಮಧ್ಯಾಹ್ನ ತಡವಾದರೆ ಬೇಕಾದ್ದು ಖಾಲಿ ಆಗಿರೋ ಸಾಧ್ಯತೆ ಹೆಚ್ಚು. ಇದೇ ಹೆಸರಿನ ಬೋರ್ಡು ಊರಿನ ಬೇರೆ ಕಡೆಯೂ ಕಾಣುತ್ತೆ. ಹಳೇ ಹೋಟೆಲಿಗೇ ಹೋಗಬೇಕು ಅಂದರೆ ಆಟೊದವರಿಗೆ 'ಮಂಡಿ ಮೊಹಲ್ಲಾ, ಅಕ್ಬರ್ ರಸ್ತೆ' ಅಂತ ಸ್ಪಷ್ಟವಾಗಿ ಹೇಳಿ.

ಕೆ.ಆರ್. ಆಸ್ಪತ್ರೆಯಿಂದ ಇದು ದೂರವಿಲ್ಲ. ಆದರೆ ಸೋಮವಾರ, ಶನಿವಾರ, ಶ್ರಾವಣ ಅಂತ ಬಿಡೋರು ನಮ್ಮಲ್ಲಿ ಬಹಳ. ಜತೆಗೆ ಬಂದವರನ್ನ ಕೇಳಿಯೇ ಹೊರಡಿ.

ಅಗ್ರಹಾರ, ಚಾಮುಂಡಿಪುರಂ

ಜೆಎಸ್‌ಎಸ್ ಆಸ್ಪತ್ರೆಗೆ ಬರೋರಿಗೆ ಅಗ್ರಹಾರ, ಚಾಮುಂಡಿಪುರಂ ಎರಡೂ ಹತ್ತಿರ. ಚಾಮುಂಡಿಪುರಂನ ಗಾಯತ್ರಿ ಟಿಫನ್ ರೂಂ, ಜನರ ಬಾಯಲ್ಲಿ ಜಿಟಿಆರ್, ಮಸಾಲೆ ದೋಸೆಗೆ ಹೆಸರಾದ ಹಳೇ ಹೋಟೆಲು. ಮೈಲಾರಿ ಮೆತ್ತಗಿನ ದೋಸೆ ಇಷ್ಟ ಆಗದವರಿಗೆ ಇಲ್ಲಿನ ಕೆಂಪಗೆ ಕಾದ ಮಸಾಲೆ ದೋಸೆ ಇಷ್ಟ ಆಗಬಹುದು. ಕಾಫಿ ಬಿಡಬೇಡಿ.

ಇಂಥ ಹಳೇ ಟಿಫನ್ ರೂಂಗಳಿಗೆ ಹೋಗುವಾಗ ಒಂದು ವಿಷಯ ಗಮನದಲ್ಲಿರಲಿ. ಕೆಲವು ಕಡೆ ಮಧ್ಯಾಹ್ನ ಒಲೆ ಆರಿಸಿ, ಮತ್ತೆ ಸಂಜೆ ಹಚ್ಚುತ್ತಾರೆ. ವಾರಕ್ಕೊಂದು ದಿನ ರಜೆಯೂ ಇರುತ್ತೆ. ದೂರದಿಂದ ಅದಕ್ಕೇ ಅಂತ ಹೋಗೋದಾದರೆ ಮೊದಲು ಫೋನ್ ಮಾಡಿ ವಿಚಾರಿಸಿ.

ಕೋರ್ಟ್, ಚಾಮರಾಜಪುರಂ, ಬಲ್ಲಾಳ್ ವೃತ್ತ

ನಂಜನಗೂಡು ಕಡೆಯಿಂದ ರೈಲಿನಲ್ಲಿ ಬರೋರು ಮೈಸೂರು ದೊಡ್ಡ ಸ್ಟೇಷನ್‌ವರೆಗೆ ಹೋಗದೆ ಚಾಮರಾಜಪುರಂನಲ್ಲೇ ಇಳಿದರೆ ಕೋರ್ಟ್ ಹತ್ತಿರ. ಬಲ್ಲಾಳ್ ವೃತ್ತದ ಬಳಿ ಇರುವ ಮಹೇಶ್ ಪ್ರಸಾದ್ ಬೆಳಗಿನ ತಿಂಡಿಗೆ ಒಳ್ಳೇ ಹೆಸರಿರುವ ಸಸ್ಯಾಹಾರಿ ಹೋಟೆಲ್. ಇಡ್ಲಿ, ವಡೆ, ದೋಸೆ, ಕಾಫಿ. ವಾಕಿಂಗ್ ಮುಗಿಸಿ ಬರುವ ಸುತ್ತಲ ಬಡಾವಣೆಯವರು, ಕಚೇರಿಗೆ ಹೋಗೋರು ಎಲ್ಲ ಇಲ್ಲಿ ಸೇರ್ತಾರೆ.

ಕೋರ್ಟಿಗೆ ಬಂದವರಿಗೆ ಕೇಸು ಯಾವಾಗ ಕೂಗ್ತಾರೆ ಅಂತ ಗೊತ್ತಿರಲ್ಲ. ಆದ್ದರಿಂದ ಬೆಳಗ್ಗೆಯೇ ಗಟ್ಟಿ ತಿಂಡಿ ತಿಂದು ಹೋಗಿ. ಮಧ್ಯಾಹ್ನದ ಬಿಡುವಿನಲ್ಲಿ ಎಲ್ಲರೂ ಒಟ್ಟಿಗೇ ಹೊರಗೆ ಬರೋದರಿಂದ ಸುತ್ತಲ ಕ್ಯಾಂಟೀನು, ಹೋಟೆಲು ತುಂಬಿಹೋಗುತ್ತೆ.

ವಿ.ವಿ. ಮೊಹಲ್ಲಾ, ಮಾನಸಗಂಗೋತ್ರಿ, ಜಯದೇವ

ಮಕ್ಕಳನ್ನ ಕಾಲೇಜು, ಹಾಸ್ಟೆಲಿಗೆ ಸೇರಿಸೋಕೆ ಹುಣಸೂರು, ಕೆ.ಆರ್. ನಗರದಿಂದ ಬರೋರು ಹೆಚ್ಚಾಗಿ ಮಾನಸಗಂಗೋತ್ರಿ, ಸರಸ್ವತಿಪುರಂ ಸುತ್ತ ಓಡಾಡ್ತಾರೆ. ವಿದ್ಯಾರ್ಥಿಗಳೇ ತುಂಬಿರುವ ಜಾಗ ಆದ್ದರಿಂದ ಮೆಸ್ಸುಗಳಿವೆ. ಪೇಟೆ ಹೋಟೆಲಿಗಿಂತ ಮೆಸ್ ಊಟ ಅಗ್ಗ, ಮನೆ ಊಟಕ್ಕೆ ಹತ್ತಿರ. ಮಗನೋ ಮಗಳೋ ತಿಂಗಳ ಲೆಕ್ಕದಲ್ಲಿ ಸೇರುವ ಮೆಸ್ಸಿನಲ್ಲಿ ಅಪ್ಪ-ಅಮ್ಮನೂ ಒಂದು ಹೊತ್ತು ಉಂಡು ನೋಡೋದು ಒಳ್ಳೇದು. ತಿಂಗಳ ದುಡ್ಡು ಕಟ್ಟಿದ ಮೇಲೆ ವಾಪಸ್ ಕೇಳೋದು ಕಷ್ಟ.

ಕಾಳಿದಾಸ ರಸ್ತೆಯ ನಳಪಾಕ ಸಸ್ಯಾಹಾರಿ ಊಟ-ತಿಂಡಿಗೆ ಈ ಕಡೆ ಹೆಸರಿರುವ ಜಾಗ. ಕೆ.ಆರ್.ಎಸ್. ರಸ್ತೆಯ ಜಯದೇವ ಆಸ್ಪತ್ರೆಗೆ ಬಂದವರು ಇಲ್ಲಿಗೆ ಬರೋಕೆ ಆಟೊ ಹಿಡಿಯಬೇಕು. ಹೃದಯದ ತೊಂದರೆ ಇರೋರು ಜತೆಗಿದ್ದರೆ ಬೆಣ್ಣೆ, ಎಣ್ಣೆ, ಉಪ್ಪಿನಕಾಯಿ ಬಿಟ್ಟು ಇಡ್ಲಿ, ಚಪಾತಿ, ಮೊಸರನ್ನದ ಕಡೆ ನೋಡಿ. ಇನ್ನೂ ಆಚೆ ಗೋಕುಲಂ. ಯೋಗ ಕಲಿಯೋಕೆ ಬರುವ ವಿದೇಶದವರಿಗಾಗಿ ಇಲ್ಲಿ ಕೆಫೆಗಳು ಎದ್ದಿವೆ. ರೇಟು ಅದೇ ಲೆಕ್ಕದಲ್ಲಿರುತ್ತೆ, ಒಳಗೆ ಕೂರುವ ಮೊದಲು ಮೆನು ಕಾರ್ಡ್ ನೋಡಿ.

ಬಂಡಿಪಾಳ್ಯ ಎಪಿಎಂಸಿ

ನಂಜನಗೂಡು ರಸ್ತೆಯ ಬಂಡಿಪಾಳ್ಯಕ್ಕೆ ಮಾಲು ಹಾಕೋಕೆ ಬರುವ ರೈತರು, ಕೊಳ್ಳೋಕೆ ಬರುವ ವ್ಯಾಪಾರಿಗಳು ಊಟಕ್ಕೆ ಅಂತ ಪೇಟೆಗೆ ಬರೋ ಅಗತ್ಯ ಇಲ್ಲ. ಮಾರುಕಟ್ಟೆ ಕೆಲಸ ಬೆಳಗ್ಗೆ ಬೇಗ ಶುರು, ಹಾಗಾಗಿ ಅಲ್ಲಿನ ಸಣ್ಣ ಹೋಟೆಲುಗಳೂ ಬೇಗ ಒಲೆ ಹಚ್ಚುತ್ತವೆ. ಲಾರಿ ಡ್ರೈವರ್‌ಗಳು, ಹಮಾಲರು ತಿನ್ನುವ ಕಡೆ ಮುದ್ದೆ-ಸಾರಿನ ಊಟ ವಿಚಾರಿಸಿ. ದುಡಿಮೆಯ ಹೊಟ್ಟೆಗೆ ಅದೇ ತಡೆಯೋದು.

ಬೆಟ್ಟ, ದಸರಾ

ಕೆಲಸದ ನಡುವೆ ಚಾಮುಂಡಿಬೆಟ್ಟಕ್ಕೆ ಹೋಗೋರಿಗೆ ಮಧ್ಯಾಹ್ನ ದೇವಸ್ಥಾನದ ದಾಸೋಹದಲ್ಲಿ ಪ್ರಸಾದದ ಊಟ ಇದೆ. ಆಷಾಢ ಶುಕ್ರವಾರಗಳಲ್ಲಿ ವಿಪರೀತ ಜನ. ಚಿಕ್ಕ ಮಕ್ಕಳು ಜತೆಗಿದ್ದರೆ ಏನಾದರೂ ಕಟ್ಟಿಕೊಂಡು ಹೋಗಿ.

ದಸರಾ ದಿನಗಳಲ್ಲಿ ಅರಮನೆ ಸುತ್ತಲ ಹೋಟೆಲಿನಲ್ಲಿ ಕೂರೋಕೆ ಜಾಗ ಸಿಗೋದೇ ಅಪರೂಪ. ಆಗ ಆಹಾರ ಮೇಳ ನೋಡಬಹುದು. ನಮ್ಮದೇ ಎಚ್.ಡಿ. ಕೋಟೆ, ಹುಣಸೂರು ಭಾಗದ ಆದಿವಾಸಿಗಳು ಮಾಡುವ ಬಂಬೂ ಬಿರಿಯಾನಿ ಅಲ್ಲಿ ಪ್ರತಿ ಸಲ ಸಾಲು ಹಚ್ಚಿಸುವ ಐಟಂ.

ಬಿಲ್ ಕೊಡುವ ಮೊದಲು

ಅಂಗಡಿಯವರಿಗೆ ಗೊತ್ತಿದ್ದರೂ ಊಟದ ಬಿಲ್ ಬಂದಾಗ ಯಾರೂ ನೋಡಲ್ಲ. ಸಾಮಾನ್ಯ ಹೋಟೆಲುಗಳಲ್ಲಿ ಊಟಕ್ಕೆ ಜಿಎಸ್‌ಟಿ ಶೇ 5. ಕಾಂಪೋಸಿಷನ್ ಸ್ಕೀಮ್‌ನಲ್ಲಿರುವ ಸಣ್ಣ ಹೋಟೆಲು ಗಿರಾಕಿಯಿಂದ ಜಿಎಸ್‌ಟಿ ಅಂತ ಬೇರೆ ಹಾಕಿ ವಸೂಲಿ ಮಾಡುವಂತಿಲ್ಲ. ಬಿಲ್ಲಿನಲ್ಲಿ ತೆರಿಗೆ ಹಾಕಿದ್ದರೆ ಜಿಎಸ್‌ಟಿ ನಂಬರ್ ಇದೆಯಾ ನೋಡಿ. ಮಾಲಿನ ಬಿಲ್ ಥರ ಊಟದ ಬಿಲ್ಲಿನ ತೆರಿಗೆಯನ್ನ ಇನ್‌ಪುಟ್ ಕ್ರೆಡಿಟ್‌ಗೆ ಹಾಕೋಕೆ ಬರಲ್ಲ, ಆ ಆಸೆ ಬೇಡ.

'ಸರ್ವಿಸ್ ಚಾರ್ಜ್' ಅಂತ ಬಿಲ್ಲಿಗೆ ತಾನಾಗಿಯೇ ಸೇರಿಸುವಂತಿಲ್ಲ ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಸೂಚನೆ ಹೊರಡಿಸಿದೆ. ಇಷ್ಟ ಇದ್ದರೆ ಟಿಪ್ಸ್ ಕೊಡಿ, ಬಲವಂತ ಇಲ್ಲ. ತೆಗೆಯಲ್ಲ ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು.

ಇಷ್ಟು ನೆನಪಿರಲಿ

- ಊಟ ಹನ್ನೆರಡೂವರೆಗೆ, ಇಲ್ಲವೇ ಎರಡೂಮುಕ್ಕಾಲಿಗೆ. ನಡುವಿನ ರಶ್ ತಪ್ಪಿಸಿ. ಮೂರೂವರೆ ಮೇಲೆ ಅನ್ನದ ಊಟ ಸಿಗೋದು ಕಷ್ಟ.
- ಫುಲ್ ಮೀಲ್ಸ್, ಮಿನಿ ಮೀಲ್ಸ್, ಪ್ಲೇಟ್ ಮೀಲ್ಸ್ ಬೇರೆ ಬೇರೆ. ಎರಡನೇ ಸಲ ಅನ್ನ ಬಡಿಸ್ತಾರಾ ಅಂತ ಟೋಕನ್ ತಗೊಳ್ಳುವ ಮೊದಲೇ ಕೇಳಿ.
- ಹೆಣ್ಣುಮಕ್ಕಳು, ಮಕ್ಕಳು ಜತೆಗಿದ್ದರೆ ಶೌಚಾಲಯ ಇರುವ ಹೋಟೆಲನ್ನೇ ಆರಿಸಿ. ನಿಂತು ತಿನ್ನುವ ದರ್ಶಿನಿಗಳಲ್ಲಿ ಹೆಚ್ಚಾಗಿ ಇರಲ್ಲ.
- ಫೋನ್‌ಪೇ, ಗೂಗಲ್‌ಪೇ ಇದ್ದರೂ ಕೈಯಲ್ಲಿ ಇನ್ನೂರು ರೂಪಾಯಿ ಚಿಲ್ಲರೆ ಇರಲಿ. ಆಸ್ಪತ್ರೆ ಒಳಗೆ ಕೆಲವೊಮ್ಮೆ ನೆಟ್‌ವರ್ಕ್ ಸಿಗಲ್ಲ.
- ನಿಮ್ಮೂರಿನ ಕೊನೇ ಬಸ್ಸಿನ ಟೈಮ್ ಬೆಳಗ್ಗೆ ಇಳಿದಾಗಲೇ ಕೇಳಿಕೊಳ್ಳಿ. ರಾತ್ರಿ ಊಟ ಪೇಟೆಯಲ್ಲೋ ಮನೆಯಲ್ಲೋ ಅನ್ನೋದು ಅದರ ಮೇಲೆ ನಿಂತಿದೆ.